ದಸ್ತಗೀರನ ಕಣ್ಣು

"ಸೂಳಿಮಗನ, ಗಾಡಿ ಹೊಡಿಲಿಕತ್ತೀಯೊ, ಮಲಗಲಿಕತ್ತೀಯೊ?"

ಸೂಪರ್‌ವೈಸರ್ ಅಮರನಾಥ ಮೊಬೈಲನ್ನು ಖಂಡಪ್ಪನ ಮೂಗಿಗೇ ಹಿಡಿದ. ಸಿಮೆಂಟ್ ಲಾರಿಯ ಸ್ಟೇರಿಂಗಿನ ಎದುರು ಕೂಡಿಸಿದ ಕ್ಯಾಮೆರಾ ತೆಗೆದ ವಿಡಿಯೊ ಅದು, ಅದರಲ್ಲಿ ಖಂಡಪ್ಪನ ಕಣ್ಣು ಮುಚ್ಚಿದ್ದವು. ಡ್ರೈವರನ ಕಣ್ಣು ಮುಚ್ಚಿದರೆ ಆ ಮಷಿನ್ ಅವನ ಮೇಲೆ ಕಿರುಚುತ್ತದೆ, ಆಫೀಸಿಗೆ ಚಾಡಿ ಹೇಳುತ್ತದೆ. ಲೋಡಿಗೆ ಕಾಯುತ್ತಿದ್ದ ನಾವು ಡ್ರೈವರುಗಳೆಲ್ಲ ಸುತ್ತ ನಿಂತಿದ್ದೆವು.

"ಅದು ನಿದ್ದಿ ಅಲ್ರಿ ಸಾಹೇಬ್ರ. ಆ ಬೇವಿನ ಗಿಡದ ಬಾಜೂಕ ದಸ್ತಗೀರಣ್ಣ ಸತ್ತಾನ. ಅಲ್ಲಿ ಗಾಡಿ ನಿಂದ್ರಿಸಿ ನಾವೆಲ್ಲ ಒಂದು ಗಳಿಗಿ ಕಣ್ಣು ಮುಚ್ಚತೀವಿ."

"ಸತ್ತವನ ಸಲುವಾಗಿ ಕಣ್ಣು ಮುಚ್ಚಲಿಕ್ಕ ನಿಮ್ಮಪ್ಪ ಪಗಾರ ಕೊಡ್ತಾನೇನೋ, ಭಾಡ್ಯಾ?"

ಖಂಡಪ್ಪ ತಲೆ ತಗ್ಗಿಸಿದ. "ಖರೇ ನಿದ್ದಿನೂ ಭಾಳ ಬಂದದ್ರಿ. ನಿನ್ನಿ ಮುಂಜಾನಿಂದ ಒಂದೇ ಸಮ ಗಾಡಿ ಹೊಡಿಲಿಕತ್ತೀನಿ. ಈ ಟ್ರಿಪ್ ಬ್ಯಾರೆಯವರಿಗೆ ಕೊಡ್ರಿ."

"ಮತ್ತ ಮಷಿನ್ ಯಾಕ ಕೂಡಿಸ್ಯಾರ? ನಿದ್ದಿ ಹತ್ತಿದ್ರ ಎಬ್ಬಿಸ್ತದ. ನಡಿ, ಇಲ್ಲಾಂದ್ರ ಚಾವಿ ಇಟ್ಟು ಮನಿಗೆ ಹೋಗು."

ನಮ್ಮ ಜೊತೆ ಡ್ರೈವರಾಗಿದ್ದ ದಸ್ತಗೀರನಿಗೂ ಅಮರನಾಥ ಇದೇ ಮಾತು ಹೇಳಿ ಕಳಿಸಿದ್ದ. ಅವನ ಲಾರಿ ಮಗುಚಿದಾಗ ಓಡಿಹೋದವರು ನಾವೇ. ಉಸಿರು ನಿಂತ ಮೇಲೂ ಮಷಿನ್ ಅವನನ್ನು ಎಬ್ಬಿಸುತ್ತಲೇ ಇತ್ತು. ಈಗಲೂ ಮನೆಯಲ್ಲಿ ಮಲಗಿದರೆ ಆ ಕಿರುಚು ಕೇಳಿಸಿ ಎದ್ದು ಕೂರುತ್ತೇನೆ. ತಪ್ಪನ್ನು ಮಾತ್ರ ಅವನ ತಲೆಗೇ ಕಟ್ಟಿದರು. ಸತ್ತವನಿಗೆ ಬಾಯಿಲ್ಲವಲ್ಲ.

ಖಂಡಪ್ಪ ಲೋಡು ತುಂಬಿಕೊಂಡು ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಯಿಂದ ಹೊರಟ. ನನ್ನ ಲಾರಿ ಅವನ ಬೆನ್ನಿಗೇ ಇತ್ತು. ಬೇವಿನ ಗಿಡ ಬಂದಾಗ ಅವನು ಗಾಡಿಯನ್ನು ಬದಿಗೆ ಹಾಕಿ ಇಳಿದ. ನಾವೇ ಕಟ್ಟಿದ್ದ ಶ್ರದ್ಧಾಂಜಲಿಯ ಸಣ್ಣ ಫ್ಲೆಕ್ಸನ್ನು ಬಿಚ್ಚಿದ. ಅದರಲ್ಲಿ ದಸ್ತಗೀರ ಕಣ್ಣರಳಿಸಿ ನಗುತ್ತಾನೆ. ಅವನ ಹೆಂಡತಿ ಬಿಬಿಜಾನ್ ಆರಿಸಿಕೊಟ್ಟ ಫೋಟೊ ಅದು.

"ಏನ್ ಮಾಡ್ಲಿಕತ್ತೀಯೊ ಖಂಡ್ಯಾ?" ನಾನು ಕಿಟಕಿಯಿಂದ ಕೇಳಿದೆ.

"ಅವರಿಗಿ ಮುಚ್ಚಲಾರದ ಕಣ್ಣು ಬೇಕಂತಲ್ಲ. ಕೊಡ್ತೀನಿ."

ಫ್ಲೆಕ್ಸನ್ನು ಟವೆಲ್ಲಿನಿಂದ ತನ್ನ ಸೀಟಿಗೆ ಬಿಗಿದ. ಸೀಟಿನಲ್ಲಿ ಮುಖ ಕಾಣದೆ ಕಿರುಚುತ್ತಿದ್ದ ಮಷಿನ್ ಫೋಟೊದ ಮುಖ ಕಂಡು ತೆಪ್ಪಗಾಯಿತು. ಖಂಡಪ್ಪ ಗಿಡದ ನೆರಳಿಗೆ ಹೋಗಿ ಉರುಳಿಕೊಂಡ, ಆಗಲೇ ಗೊರಕೆ. ನಾನೂ ಎಂಜಿನ್ ಬಂದ್ ಮಾಡಿ ಇಳಿದೆ. ಹಿಂದಿನಿಂದ ಬಂದ ಲಾರಿಗಳೂ ಒಂದೊಂದಾಗಿ ನಿಂತವು. ಹಾರ್ನ್ ಮಾತ್ರ ಯಾರೂ ಬಾರಿಸಲಿಲ್ಲ.

ಖಂಡಪ್ಪನ ಕ್ಯಾಬಿನ್ನಿನಲ್ಲಿ ಮಷಿನ್ನಿನ ಸ್ಪೀಕರು ಗರಗರ ಅಂದಿತು. ಆಫೀಸಿನಿಂದ ಅಮರನಾಥನ ದನಿ.

"ಏ, ಕಣ್ಣು ತೆರದಾವ ಅಂತ ತೋರಸ್ಲಿಕತ್ತದ. ಎಚ್ಚರ ಇದ್ದೀ ಅಲ್ಲ? ಮತ್ತ ಗಾಡಿ ಯಾಕ ನಿಂತದ? ನಡಿ! ಕೇಳ್ತದಿಲ್ಲೋ?"

ದಸ್ತಗೀರ ರೆಪ್ಪೆ ಬಡಿಯದೆ ಕ್ಯಾಮೆರಾವನ್ನೇ ನೋಡುತ್ತಿದ್ದ.