ಉಲ್ಟಾ ಕೊಟ್ಟ ಕರೆಂಟು

ಹುಣಸೂರು ಬಸ್‌ಸ್ಟ್ಯಾಂಡಿನ ಹಿಂದೆ ಚಲುವರಾಜುವಿನ ರಿಪೇರಿ ಅಂಗಡಿಯಿತ್ತು. ಟೀವಿ, ಟೇಪ್‌ರೆಕಾರ್ಡರ್ ಸರಿಮಾಡುತ್ತಿದ್ದವನು ಎರಡು ಸಾವಿರದ ಎರಡರ ಹೊತ್ತಿಗೆ ಬೋರ್ಡಿನ ಮೇಲೆ ಕಂಪ್ಯೂಟರ್ ಎಂದೂ ಬರೆಸಿಕೊಂಡಿದ್ದ. ತನ್ನ ಕೈಯಲ್ಲಿ ಆಗದ್ದು ಯಾವುದೂ ಇಲ್ಲವೆಂಬ ಜಂಬ ಅವನಿಗೆ ಚೂರು ಜಾಸ್ತಿಯೇ ಇತ್ತು.

ಒಂದು ಮಧ್ಯಾಹ್ನ ಸಾಲಿಗ್ರಾಮದಿಂದ ಶಾಂಭವಿ ಎಂಬಾಕೆ ಬಟ್ಟೆಗಂಟೊಂದನ್ನು ತಂದಳು. ಒಳಗೆ ಪುಸ್ತಕದಷ್ಟಗಲದ ಕಪ್ಪು ಕಂಪ್ಯೂಟರು. ಟೀವಿಗೆ ಸಿಕ್ಕಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬಿಕೊಳ್ಳುವ ಹಳೇ ಕಾಲದ್ದು. ಅವಳ ಅಣ್ಣ ಬಸವಪ್ರಸಾದ್ ದುಬೈನಲ್ಲಿದ್ದಾಗ ಕೊಂಡದ್ದು. ಅದರಲ್ಲಿ ತಾನೇ ಚೌಕಾಬಾರದ ಆಟ ಬರೆದು ತಂಗಿಯ ಜೊತೆ ಆಡುತ್ತಿದ್ದನಂತೆ. ಈಗ ಲಕ್ವ ಹೊಡೆದು ಬಲಗೈಯೂ ಮಾತೂ ಹೋಗಿದ್ದವು.

"ಯಾತರಲ್ಲೂ ಮನಸಿಲ್ಲ ಕಣ್ರೀ ಅವನ್ಗೆ. ಇದನ್ನ ಅಟ್ಟದಿಂದ ಇಳಿಸ್ದಾಗ ಮಾತ್ರ ಕಣ್ಣರಳಿಸ್ದ. ಅಡಾಪ್ಟ್ರು ಕಳ್ದೋಗದೆ, ಅಷ್ಟೇಯ."

"ಬುಡಿ ಅಕ್ಕಾ, ಇದೇನ್ ಮಹಾ! ನೀವು ಪ್ಯಾಟೆ ಕೆಲ್ಸ ಮುಗಿಸ್ಕಂಡ್ ಬನ್ನಿ."

ಅವಳು ಅತ್ತ ಹೋದದ್ದೇ ತಡ, ಚಲುವರಾಜು ಕೈಗೆ ಸಿಕ್ಕಿದ ಅಡಾಪ್ಟರನ್ನು ಚುಚ್ಚಿ ಸ್ವಿಚ್ ಒತ್ತಿದ. ಆ ಮೆಷಿನ್ನಿಗೆ ಪಿನ್ನಿನ ನಡುವೆ ಮೈನಸ್ ಬರಬೇಕಿತ್ತು. ಅವನು ಚುಚ್ಚಿದ್ದರಲ್ಲಿ ನಡುವೆ ಪ್ಲಸ್. ಅಡಿಯಲ್ಲಿ ಅಚ್ಚಾಗಿದ್ದ ಗುರುತನ್ನು ತಿರುಗಿಸಿ ನೋಡುವಷ್ಟು ತಾಳ್ಮೆ ಅವನಿಗಿರಲಿಲ್ಲ. ಚಿಟ್ ಎಂದಿತು. ಕೀಲಿಗಳ ಸಂದಿಯಿಂದ ಹೊಗೆ ಎದ್ದಿತು.

ಅವನು ಗಡಬಡಿಸಿ ಫ್ಯಾನ್ ಹಾಕಿ ವಾಸನೆ ಓಡಿಸಿದ. ಶಾಂಭವಿ ಬಂದಾಗ ನಾಲಿಗೆ ತಾನಾಗಿಯೇ ಹೊರಳಿತು.

"ಸತ್ತೋಗದೆ ಅಕ್ಕಾ. ಅಟ್ಟದ ಮೇಲೆ ಅಂಗೇ ಬಿಸಾಕವ್ರೆ, ಒಳಗೆಲ್ಲ ತುಕ್ಕು. ನಿಮ್ಮಣ್ಣ ಸರ್ಯಾಗಿ ಮಡಗಿದ್ರೆ ಬದುಕ್ತಿತ್ತು."

ಅವಳ ಮುಖ ಸಣ್ಣದಾಯಿತು. "ನೀವಾದ್ರೂ ಏನ್ ಮಾಡೀರಿ," ಎಂದು ಅದನ್ನು ಅಲ್ಲೇ ಬಿಟ್ಟು, ತಂದಿದ್ದ ಬಾಳೆಹಣ್ಣಿನಲ್ಲಿ ಒಂದು ಚಿಪ್ಪು ಮುರಿದಿಟ್ಟು ಹೋದಳು.

ಆ ಹಣ್ಣನ್ನು ಅವನು ಮುಟ್ಟಲಿಲ್ಲ. ಮೆಷಿನ್ನನ್ನು ಗುಜರಿಗೆ ಹಾಕಲೂ ಕೈ ಬರಲಿಲ್ಲ. ಕೊನೆಗೆ ಸ್ಕ್ರೂ ಬಿಚ್ಚಿದ. ಒಳಗೆ ಒಂದು ಚುಕ್ಕೆ ತುಕ್ಕಿರಲಿಲ್ಲ. ಅವನು ಸುಟ್ಟ ಟ್ರಾನ್ಸಿಸ್ಟರೊಂದೇ ಕಪ್ಪಗಿತ್ತು. ಅದನ್ನು ಬದಲಿಸಿದರೂ ಟೀವಿಯ ತುಂಬ ಬರೀ ಗೆರೆ. ಮೆಮೊರಿ ಚಿಪ್ಪುಗಳೂ ಹೋಗಿದ್ದವು. ಮೈಸೂರಿನಲ್ಲಿ ಸಿಗಲಿಲ್ಲ. ಕೊಪ್ಪದ ಗುಜರಿಯಲ್ಲಿ ಅದೇ ಜಾತಿಯ ಒಡಕು ಬೋರ್ಡೊಂದು ಸಿಕ್ಕಿ, ಚಿಪ್ಪುಗಳನ್ನು ನಾಜೂಕಾಗಿ ಬಿಡಿಸಿ ತಂದು ಕೂರಿಸಿದ. ಗೆರೆ ಹೋಗಿ ಪರದೆ ಬೆಳ್ಳಗಾಯಿತು; ಮೆಷಿನ್ನಿಗೆ ಜೀವ ಬಂದಿತ್ತು. ಖುಷಿಪಡಲು ಅವನಿಗೆ ಮುಖವಿರಲಿಲ್ಲ.

ಮೆಷಿನ್ನನ್ನೂ ಸರಿಯಾದ ಅಡಾಪ್ಟರನ್ನೂ ಹೊತ್ತು ಸಾಲಿಗ್ರಾಮಕ್ಕೆ, ಶಾಂಭವಿಯ ಮನೆಗೆ ಹೋದ. ಮನೆಯಲ್ಲಿದ್ದ ಆಟದ ಕ್ಯಾಸೆಟ್ಟು ಕಿರ್ರೋ ಎಂದು ಕಿರುಚಿ, ಟೀವಿಯ ಮೇಲೆ ಚೌಕಾಬಾರದ ಮನೆಗಳು ಒಂದೊಂದಾಗಿ ಮೂಡಿದವು. ಬಸವಪ್ರಸಾದ್ ಎಡಗೈ ಬೆರಳಿನಿಂದ ಕೀಲಿ ಒತ್ತಿದ. ಕಾಯಿ ನಡೆಯಿತು.

"ದೇವ್ರು ಬಂದಂಗೆ ಬಂದೆ ಕಣಪ್ಪಾ!" ಎಂದಳು ತಾಯಿ ಪುಟ್ಟಮಾದಮ್ಮ. ಆಕೆಗೆ ಕಿವಿ ಮಂದ.

ಶಾಂಭವಿ ಕಣ್ಣೊರೆಸಿಕೊಂಡಳು. "ಅವತ್ತು ಬಂದು ಇವನ್ಗೆ ಬಾಯಿಗ್ ಬಂದಂಗೆ ಬೈದ್ಬುಟ್ಟೆ ಕಣ್ರೀ. ಅದನ್ನ ನೀನೇ ಆಳ್ಮಾಡ್ದೆ ಅಂತ. ಆವಾಗಿಂದ ಗ್ವಾಡೆ ಕಡೆಗೇ ಮಕ ಮಾಡ್ಕಂಡ್ ಮನಗಿದ್ದ."

ಚಲುವರಾಜುವಿಗೆ ಕೂತ ಕುರ್ಚಿಯೇ ಸುಟ್ಟಂತಾಯಿತು. ತನ್ನ ಮಾತು ಹೋಗಿ ತಗುಲಿದ್ದು ಮಾತಿಲ್ಲದವನಿಗೆ! ಎದ್ದು ಹೋಗಿ ಬಸವಪ್ರಸಾದನ ಮುಂದೆ ನಿಂತ.

"ಅಣ್ಣಾ, ತುಕ್ಕಿರ್ಲಿಲ್ಲ. ನಾನೇ ಕರೆಂಟು ಉಲ್ಟಾ ಕೊಟ್ಟು ಸುಟ್ಟಾಕ್ದೆ. ಸುಳ್ಳೇಳಿ ನಿಮ್ಮೇಲಾಕ್ದೆ. ನಿಮ್ದೇನೂ ತಪ್ಪಿಲ್ಲ."

ಕೀಲಿಯ ಮೇಲಿದ್ದ ಬೆರಳು ನಿಂತಿತು. ಬಸವಪ್ರಸಾದ್ ಅವನನ್ನು ದಿಟ್ಟಿಸಿ ನೋಡಿದ. ಆಮೇಲೆ ತಂಗಿಯನ್ನು ನೋಡಿದ. ಶಾಂಭವಿ ಚಲುವರಾಜುವನ್ನು ದಾಟಿ ಬಂದು ಅಣ್ಣನ ಕಾಲ ಬಳಿ ಕೂತು, "ನನ್ ಬುದ್ಧಿಗೆ ಬೆಂಕಿ ಬೀಳ," ಎಂದು ಅವನ ಮೊಣಕಾಲಿಗೆ ಹಣೆ ಒತ್ತಿದಳು. ಅವನ ಎಡಗೈ ಅವಳ ತಲೆಯ ಮೇಲೆ ಬಂತು.

ಏನೂ ಕೇಳಿಸದ ಪುಟ್ಟಮಾದಮ್ಮ ಎಲೆ ಹಾಕಿ ಕರೆದಳು. ಬೇಡವೆಂದರೂ ಬಿಡಲಿಲ್ಲ. "ನಿನ್ನಂಗೆ ಕೆಲ್ಸ ಬಲ್ಲವರು ಯಾರವ್ರೆ, ಉಣ್ಣು," ಎನ್ನುತ್ತ ಮುದ್ದೆಯ ಮೇಲೆ ಸಾರು ಹುಯ್ದಳು. ಅವನು ತಲೆಯೆತ್ತದೆ ಉಂಡ.

ಹೊರಡುವಾಗ ಒಳಗೆ ಅಣ್ಣ ತಂಗಿ ಆಟಕ್ಕೆ ಕೂತಿದ್ದರು. ಅವನ ಕಡೆ ಯಾರೂ ತಿರುಗಲಿಲ್ಲ. ತಿರುಗದಿದ್ದದ್ದೇ ವಾಸಿ ಎನಿಸಿತು; ಹಾಗೆ ಅನಿಸಿದ್ದಕ್ಕೂ ಅವನಿಗೆ ನಾಚಿಕೆಯಾಯಿತು.