ಬಂಡೆ ತಟ್ಟುವ ಕಿವಿಯಣ್ಣ

ಗಣಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಕಿವಿಯಣ್ಣ ಎಂದು. ಸಿಡಿಮದ್ದು ಹಾರಿಸಿದ ಮೇಲೆ ಸುರಂಗದೊಳಗೆ ಮೊದಲು ಕಾಲಿಡುವವನು ಅವನೇ. ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟಬೇಕು. ಠಣ್ ಎಂದರೆ ಗಟ್ಟಿ, ಕೆಳಗೆ ಕೆಲಸ ಮಾಡಬಹುದು. ಬೊದ್ ಎಂದು ಟೊಳ್ಳು ಸದ್ದು ಬಂದರೆ ಸಡಿಲ, ಕೆಡವಿದ ಮೇಲೆಯೇ ಮುಂದಿನ ಮಾತು. ಇಪ್ಪತ್ತೆರಡು ವರ್ಷದಲ್ಲಿ ಅವನ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ.

ಆದರೆ ಅದೇ ಸಿಡಿಮದ್ದು ಅಷ್ಟು ವರ್ಷವೂ ಅವನ ಕಿವಿಯನ್ನು ತಿನ್ನುತ್ತಾ ಬಂದಿತ್ತು. ಈಗೀಗ ಠಣ್ಣೂ ಇಲ್ಲ, ಬೊದ್ದೂ ಇಲ್ಲ. ಗೊತ್ತಿದ್ದುದು ಹೆಂಡತಿಗೊಬ್ಬಳಿಗೆ. "ಮೇಸ್ತ್ರಿ ಹತ್ರ ಹೇಳ್ಬಿಡಿ, ಯಾರದಾದ್ರೂ ಜೀವ ಹೋದೀತು!" ಎಂದು ಅವಳು ಗಂಟಲು ಹರಿದುಕೊಳ್ಳುತ್ತಿದ್ದಳು. ಹೇಳುವುದು ಹೇಗೆ? ಕಿವಿಯಣ್ಣನಿಗೇ ಕಿವಿ ಕೇಳದು ಎಂದರೆ ಇಡೀ ಗಣಿ ಬಿದ್ದು ಬಿದ್ದು ನಗುವುದಿಲ್ಲವೇ? ಈ ಹಾಳು ಮರ್ಯಾದೆ ಎಂಬುದು ಎಷ್ಟು ಮನೆ ಮುರಿದಿದೆಯೋ!

ಅದಕ್ಕೊಂದು ಉಪಾಯ ಹೂಡಿದ್ದ. ಬಂಡೆ ಕೊರೆಯುವ ಅಳಿಯನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ತಟ್ಟುವುದು, ಓರೆಗಣ್ಣಿನಲ್ಲಿ ಅವನ ಮುಖ ನೋಡುವುದು. ಹರೆಯದ ಕಿವಿ. ಟೊಳ್ಳು ಸದ್ದು ಬಂದರೆ ಹುಬ್ಬಾದರೂ ಅಲುಗದೆ ಇದ್ದೀತೇ?

ಆ ದಿನವೂ ತಟ್ಟಿದ. ದೀಪದ ಬೆಳಕಿನಲ್ಲಿ ಅಳಿಯನ ಮುಖ ನೆಮ್ಮದಿಯಾಗಿತ್ತು. ಶುರು ಮಾಡಲೇ ಎಂದು ಅಳಿಯ ಕೈಸನ್ನೆಯಲ್ಲೇ ಕೇಳಿದ. ಮಾವನ ಎದುರು ಬಾಯಿ ಬಿಡದ ಸಂಕೋಚದ ಹುಡುಗ ಎಂದು ಕಿವಿಯಣ್ಣನಿಗೆ ಮೊದಲಿನಿಂದಲೂ ಮೆಚ್ಚಿಗೆ. ಮಾವ ಸೀಮೆಸುಣ್ಣದಲ್ಲಿ ಬಂಡೆಯ ಮೇಲೆ ಗೆರೆ ಎಳೆದ. ಗೆರೆ ಎಂದರೆ ಗಟ್ಟಿ.

ಆಸರೆಗೆ ನಿಲ್ಲಿಸುವ ಮರದ ಕಂಬ ತರಲು ಹತ್ತು ಹೆಜ್ಜೆ ಹಿಂದೆ ಹೋಗಿದ್ದನಷ್ಟೆ, ಕಾಲಡಿಯ ನೆಲ ಅದುರಿತು. ತಿರುಗಿದರೆ ಬರೀ ಧೂಳು, ಅಳಿಯನ ದೀಪ ಕಾಣಲಿಲ್ಲ. ಮೂರು ಗಂಟೆ ಎಲ್ಲರೂ ಸೇರಿ ಬರಿಗೈಯಲ್ಲಿ ಕಲ್ಲು ಬಗೆದರು. ಸಿಕ್ಕಿದ್ದು ಹೆಣ.

ಸಂಜೆ ಮಗಳು ಗಂಡನ ತಲೆಯ ಬಳಿ ಕುಳಿತಿದ್ದಳು. ಗೋಡೆಗೆ ಒರಗಿದ್ದ ಅಪ್ಪನತ್ತ ತಿರುಗಿ ಮೆಲ್ಲಗೆ ಏನೋ ಹೇಳಿದಳು.

"ಏನಮ್ಮಾ?"

ಇನ್ನೊಮ್ಮೆ ಹೇಳಿದಳು. ಅವನಿಗೆ ತುಟಿ ಅಲುಗಿದ್ದಷ್ಟೇ ಕಂಡಿತು. ಮರೆತು ಕಿವಿಗೆ ಕೈ ಹಚ್ಚಿದ.

ಅವಳು ಆ ಕೈಯನ್ನೇ ನೋಡಿದಳು. ಆಮೇಲೆ ಇಡೀ ಕೇರಿಗೆ ಕೇಳುವಂತೆ ಕಿರುಚಿದಳು.

"ಇವರಿಗೆ ಒಂದು ವರ್ಷದಿಂದ ಕಿವಿ ಕೇಳ್ತಿರ್ಲಿಲ್ಲ ಅಪ್ಪಾ! ಕೊರೆದು ಕೊರೆದು ಹೋಗ್ಬಿಟ್ಟಿತ್ತು. ನಿಂಗೆ ಹೇಳ್ಬೇಡ ಅಂದಿದ್ರು. ಮಾವನ ಮುಖ ನೋಡ್ಕೊಂಡಿದ್ರೆ ಸಾಕು, ಏನೂ ಭಯ ಇಲ್ಲ ಅಂತಿದ್ರು!"

ಕಿವಿಯಣ್ಣನಿಗೆ ಒಂದೊಂದು ಮಾತೂ ಕೇಳಿಸಿತು.