ದಾರಿ ಬಿಟ್ಟ ನಾಳ

ಬಂಟ್ವಾಳದ ಹಂಚಿನ ಕಾರ್ಖಾನೆಯೊಂದರಲ್ಲಿ ರುಕ್ಮಯ್ಯ ಆವೆಮಣ್ಣು ಹೊರುತ್ತಿದ್ದ. ದೋಣಿಯಲ್ಲಿ ಬಂದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ನದಿಯ ದಡದ ಏರು ಹತ್ತಬೇಕು. ಮೂವತ್ತು ತುಂಬದ ಗಟ್ಟಿ ಆಳು. ೧೯೮೨ರ ಬೇಸಗೆಯಲ್ಲಿ ಏರು ಹತ್ತುವಾಗಲೆಲ್ಲ ಎದೆಯನ್ನು ಯಾರೋ ಅಮುಕಿದ ಹಾಗಾಗತೊಡಗಿತು. ಕುಳಿತರೆ ಹೋಗುತ್ತಿತ್ತು. ಗ್ಯಾಸ್ ಇರಬೇಕೆಂದು ಓಮದ ಕಷಾಯ ಕುಡಿದ. ಒಂದು ದಿನ ಬುಟ್ಟಿ ಸಮೇತ ಬಿದ್ದು ಪ್ರಜ್ಞೆ ತಪ್ಪಿದ.

ಮಂಗಳೂರಿನಲ್ಲಿ ಇಸಿಜಿ ತೆಗೆದರೆ ಏನೂ ಕಾಣಲಿಲ್ಲ. ಅಲ್ಲಿನ ಡಾಕ್ಟರರಿಗೆ ಸಮಾಧಾನವಾಗದೆ ಮದ್ರಾಸಿಗೆ ಕಳುಹಿಸಿದರು. ಹೆಂಡತಿ ರಾಜೀವಿ ಜೊತೆಗೆ ಹೋದಳು. ಅಲ್ಲಿ ತೊಡೆಯಿಂದ ಸಪೂರ ನಳಿಗೆ ತೂರಿಸಿ ಹೃದಯದ ಚಿತ್ರ ತೆಗೆದರು. ಕುಂದಾಪುರ ಕಡೆಯ ಡಾಕ್ಟರೊಬ್ಬರು ಕನ್ನಡದಲ್ಲಿ ವಿವರಿಸಿದರು.

"ಹೃದಯಕ್ಕೆ ರಕ್ತ ಕೊಡುವ ಎಡಗಡೆಯ ನಾಳ ನಿಮಗೆ ಬಲದಿಂದ ಹೊರಟಿದೆ. ಎರಡು ದೊಡ್ಡ ರಕ್ತನಾಳಗಳ ಸಂದಿಯಲ್ಲಿ ಹಾದು ಹೋಗ್ತದೆ. ಭಾರ ಹೊತ್ತಾಗ ಅಲ್ಲಿ ಬಿಗಿದುಕೊಳ್ತದೆ. ಹುಟ್ಟುವಾಗಲೇ ಹೀಗೆ."

"ಹಾಗಾದರೆ ಇಷ್ಟು ವರ್ಷ ನಾನು ಹೊತ್ತದ್ದು ಹೇಗೆ?"

"ಅದು ನಮಗೂ ಗೊತ್ತಿಲ್ಲ."

ಕಾಲಿನ ನಾಳದ ತುಂಡು ತೆಗೆದು ಹೃದಯಕ್ಕೆ ಜೋಡಿಸಿ ರಕ್ತಕ್ಕೆ ಬೇರೆ ದಾರಿ ಮಾಡಬಹುದು, ಆದರೆ ಇಂಥವರಿಗೆ ತಾವು ಹೆಚ್ಚು ಆಪರೇಷನ್ ಮಾಡಿಲ್ಲ ಎಂದರು.

"ಬೇಡ, ಊರಿಗೆ ಹೋಗುವ," ಎಂದಳು ರಾಜೀವಿ. "ಭಾರ ಹೊರದಿದ್ದರೆ ಆಯ್ತಲ್ಲ."

ಊರಿಗೆ ಬಂದ ಮೇಲೆ ರುಕ್ಮಯ್ಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದ. ಅವನ ಜಾಗದಲ್ಲಿ ರಾಜೀವಿ ಮಣ್ಣು ಹೊರಲು ಹೋದಳು. ಸಂಜೆ ಬಂದವಳು ಕುತ್ತಿಗೆ ತಿರುಗಿಸಲಾಗದೆ ಗೋಡೆಗೆ ಒರಗುತ್ತಿದ್ದಳು. ಅವನು ಎಣ್ಣೆ ಹಚ್ಚಿ ತಿಕ್ಕುತ್ತಿದ್ದ.

ಒಂದು ಸಂಜೆ ಅವನೇ ಹೇಳಿದ: "ಆಪರೇಷನ್ ಮಾಡಿಸುವ."

"ಹೆಚ್ಚುಕಡಿಮೆ ಆದರೆ?"

"ನೀನು ಹೊರುವುದನ್ನು ನೋಡಿಕೊಂಡು ಕೂತಿರಲಿಕ್ಕೆ ನನ್ನಿಂದ ಆಗುವುದಿಲ್ಲ ರಾಜೀವಿ."

ಆಯ್ತು ಎಂದಳು ಅವಳು.

ಮತ್ತೆ ಮದ್ರಾಸಿಗೆ ಹೋದರು. ಆಪರೇಷನ್ ಮುಗಿಯಿತು. ರುಕ್ಮಯ್ಯನಿಗೆ ಎಚ್ಚರವಾಗಲಿಲ್ಲ. ಮರುದಿನ ಅದೇ ಡಾಕ್ಟರರು ಹೊರಗೆ ಬಂದು ಅವಳ ಎದುರು ಬೆಂಚಿನ ಮೇಲೆ ಕುಳಿತರು. "ಹೊಸ ದಾರಿಯಲ್ಲಿ ರಕ್ತ ಹರಿಯಿತಮ್ಮ. ಹೃದಯ ತಡೆದುಕೊಳ್ಳಲಿಲ್ಲ."

ಮದ್ರಾಸಿನಲ್ಲೇ ಸುಟ್ಟು, ಅವನ ಬಟ್ಟೆಯ ಚೀಲ ಹಿಡಿದು ರಾಜೀವಿ ಊರಿಗೆ ಬಂದಳು. ಆಪರೇಷನ್ ಬೇಡವೆಂದು ಅವಳು ಹಟ ಹಿಡಿದಿದ್ದರೆ ಗಂಡ ಉಳಿಯುತ್ತಿದ್ದ ಎಂದು ಕೆಲವರು ಅವಳಿಗೆ ಕೇಳುವ ಹಾಗೆಯೇ ಆಡಿಕೊಂಡರು. ಅವಳು ಮತ್ತೆ ಕಾರ್ಖಾನೆಗೆ ಹೋದಳು. ಮಣ್ಣು ಹೊರುವ ಬದಲು ತನ್ನನ್ನು ಹಂಚು ಒಣಗಿಸುವ ಕೊಟ್ಟಿಗೆಗೆ ಹಾಕಿ ಎಂದಷ್ಟೇ ಮೇಸ್ತ್ರಿಯನ್ನು ಕೇಳಿಕೊಂಡಳು. ಆ ಏರು ಹತ್ತಲು ಅವಳ ಕಾಲು ಬರಲಿಲ್ಲ.